ಹಾಸನದಲ್ಲಿ ‘ಹೊಸ’ ಹಾರ್ಡ್ ಡಿಸ್ಕ್ ತಗೊಳ್ಳೋರು ಇದನ್ನೊಮ್ಮೆ ಓದಿ

ಸಿಟ್ಟು ಇನ್ನೂ ಇಳಿದಿಲ್ಲ, ಬರೆದದ್ದು ಹಿಂದೆ ಮುಂದೆ ಆದ್ರೆ ಅಡ್ಜಸ್ಟ್ ಮಾಡ್ಕೊಳ್ಳಿ.

ನಮ್ಮ ಡಿಟಿಪಿ ಸೆಂಟರಿನ ಉಬುಂಟು (ವಿಂಡೋಸ್ ಬದಲು ಹಾಕೋ ಲಿನಕ್ಸ್) ಸಿಸ್ಟಮ್ಮಲ್ಲಿ ಹಳೇ ಡಿಸ್ಕ್ ಕಟಕಟ ಅನ್ನೋಕೆ ಶುರುಮಾಡಿತ್ತು. ಬಿ.ಎಂ. ರಸ್ತೆ ಕಡೆ ಒಂದು ಅಂಗಡಿಯಲ್ಲಿ 1 ಟಿಬಿದು ತಗೊಂಡೆ. ‘ಸೀಲ್ಡ್ ಪೀಸ್ ಸಾರ್, ನೆನ್ನೆ ಬಂದಿದ್ದು’ ಅಂದ. ಕವರ್ ಮೇಲೆ ಅವನದೇ ವಾರಂಟಿ ಸ್ಟಿಕರ್. ಬಿಲ್ ಕೇಳಿದ್ರೆ ‘18 ಪರ್ಸೆಂಟ್ ಜಿಎಸ್‌ಟಿ ಸುಮ್ನೆ ಯಾಕೆ ಸಾರ್’. ಗೊತ್ತಲ್ಲ, ಎಲ್ಲಾ ಕಡೆ ಇದೇ ಮಾತು.

ರಾತ್ರಿ ಆರ್‌ಸಿಂಕ್ ಅನ್ನೋ ಕಮಾಂಡ್ ಹಾಕಿ ಹಳೇದರಿಂದ ಹೊಸದಕ್ಕೆ ಕಾಪಿಗೆ ಬಿಟ್ಟೆ. ಅರ್ಧಕ್ಕೆ ನಿಂತೋಯ್ತು. ಹಳೇ ಡಿಸ್ಕಿಂದೇ ಕಾಟ ಅಂದ್ಕೊಂಡು ಕರ್ನಲ್ ಲಾಗ್ (ಸಿಸ್ಟಮ್ ಬರೆದಿಡೋ ದಾಖಲೆ) ತೆಗೆದ್ರೆ ಐ/ಒ ಎರರ್ (ಓದೋ-ಬರೆಯೋ ತಪ್ಪು) ಬರ್ತಿರೋದು ಎಸ್‌ಡಿಬಿಯಿಂದ. ಎಸ್‌ಡಿಬಿ ಅಂದ್ರೆ ಹೊಸದು! ಡಿಸ್ಕಿನ ಆರೋಗ್ಯ ತೋರಿಸೋ ಸ್ಮಾರ್ಟ್‌ಸಿಟಿಎಲ್ ಓಡಿಸಿದೆ. ಪವರ್ ಆನ್ ಅವರ್ಸ್, ಅಂದ್ರೆ ಇಲ್ಲೀವರೆಗೆ ಓಡಿರೋ ಗಂಟೆ, 31,407. ಇನ್ನೊಂದು ಸಲ ಓದಿದೆ. ವರ್ಷಕ್ಕೆ 8,760 ಗಂಟೆ. ಮೂರೂವರೆ ವರ್ಷಕ್ಕಿಂತ ಜಾಸ್ತಿ ತಿರುಗಿರೋ ಮಾಲು! ಆನ್-ಆಫ್ ಆಗಿರೋದು ಬರೀ 71 ಸಲ. ಹಗಲೂ ರಾತ್ರಿ ಓಡಿದೆ, ಯಾವುದೋ ಸಿಸಿಟಿವಿ ಡಿವಿಆರ್‌ನಿಂದ ಕಿತ್ತಿದ್ದೇ ಇರ್ಬೇಕು. ಊರೋರಿಗೆಲ್ಲ ಲಿನಕ್ಸ್ ಹಾಕ್ಕೊಡೋ ನನಗೇ ಹೀಗೆ ಟೋಪಿ ಹಾಕಿದ್ನಲ್ಲ, ಹೆಂಡತಿಗೂ ಹೇಳೋಕೆ ನಾಚಿಕೆ.

ಫೋನ್ ಮಾಡಿದೆ. ಅವನು ಫೋನ್ ಎತ್ತೋದು ಹಾಸನಾಂಬೆ ಬಾಗಿಲು ತೆಗೆದ ಹಾಗೆ. ಕೊನೆಗೆ ಅಂಗಡಿಗೇ ಹೋಗಿ ತೋರಿಸಿದ್ರೆ ‘ಲಿನಕ್ಸಲ್ಲಿ ಹಂಗೇ ತಪ್ಪು ತೋರ್ಸತ್ತೆ ಸಾರ್, ವಿಂಡೋಸ್ ಹಾಕಿ ಸರಿಹೋಗತ್ತೆ’! ಅಲ್ಲಯ್ಯ, ಗಂಟೆ ಲೆಕ್ಕ ಇಡೋದು ಡಿಸ್ಕಿನ ಒಳಗೇ, ಓಎಸ್ ಅದನ್ನ ಓದಿ ಹೇಳತ್ತೆ ಅಷ್ಟೇ ಅಂದೆ. ಆಗ ಪರದೆ ಮೇಲೆ ಬೆರಳಿಟ್ಟು ‘ಇಲ್ಲಿ ಪಾಸ್ಡ್ ಅಂತಿದೆಯಲ್ಲ ಸಾರ್’ ಅಂದ. ಪಾಸ್ಡ್ ಅಂತೆ! ಆ ಸಾಲು ಡಿಸ್ಕ್ ಸಾಯೋ ಹಿಂದಿನ ದಿನವೂ ಪಾಸ್ಡ್ ಅಂತಲೇ ಇರಬಹುದು. ಕೆಳಗಡೆ ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟು ಬದಲಿ ಜಾಗ ಹಾಕಿರೋ ಭಾಗ) ನೂರು ದಾಟಿರೋದು ಅವನ ಕಣ್ಣಿಗೇ ಬೀಳಲಿಲ್ಲ. ಸೀರಿಯಲ್ ನಂಬರ್ ಕಂಪನಿ ಸೈಟಲ್ಲಿ ಹಾಕಿ ವಾರಂಟಿ ಮುಗಿದಿರೋದನ್ನೂ ತೋರಿಸಿದೆ. ‘ಬಿಲ್ ತಂದಿದೀರಾ ಸಾರ್?’ ಅಂದ. ನಗ್ತಾ ಕೇಳಿದ, ಅದೇ ಹೊಟ್ಟೆ ಉರಿಯೋದು.

ದುಡ್ಡು ವಾಪಸ್ ಬಂದಿಲ್ಲ. ‘ಬೇರೆ ಕೊಡ್ತೀನಿ, ಡಿಫರೆನ್ಸ್ ಕೊಡಿ’ ಅಂತಾನೆ.

ಲ್ಯಾಪ್‌ಟಾಪ್, ಡಿಸ್ಕನ್ನ ಅದಕ್ಕೆ ಸಿಗಿಸೋ ಸಾಟಾ-ಯುಎಸ್‌ಬಿ ಅಡಾಪ್ಟರ್ ತಗೊಂಡೇ ಹೋಗಿ. ಅಂಗಡಿಯಲ್ಲೇ ಸಿಗಿಸಿ ಗಂಟೆ ನೋಡಿ. ಅದನ್ನ ಸೊನ್ನೆ ಮಾಡಿ ಮಾರೋರೂ ಇದ್ದಾರೆ, ಸೀರಿಯಲ್ ನಂಬರೂ ಚೆಕ್ ಮಾಡಿ. ಬಿಲ್ ಕೊಡಲ್ಲ ಅಂದ್ರೆ ಜೇಬಿಗೆ ಕೈ ಹಾಕ್ಲೇಬೇಡಿ, ಎದ್ದು ಬನ್ನಿ.