ಚಿಲ್ಲರ್ ಲೈನಿಗೆ ನೀರು: ಮೇಲಿಂದ ಬಿಡೋದಾ, ಕೆಳಗಿಂದ ತುಂಬೋದಾ?

ಎರಡೂ ಐದು ಮಹಡಿಯ ಕಟ್ಟಡಗಳು, ಎರಡೂ ಬೆಂಗಳೂರಿನಲ್ಲೇ. ಬೇಸ್‌ಮೆಂಟಿನಲ್ಲಿ ಎಸಿಗೆ ನೀರು ತಣ್ಣಗೆ ಮಾಡುವ ಯಂತ್ರ, ಅಂದರೆ 120 ಟನ್ ಕೂಲಿಂಗ್ ಸಾಮರ್ಥ್ಯದ ವಾಟರ್ ಕೂಲ್ಡ್ ಚಿಲ್ಲರ್. ಟೆರೇಸಿನ ಮೇಲೆ ಅದರ ಬಿಸಿಯನ್ನು ಹೊರಹಾಕುವ ಕೂಲಿಂಗ್ ಟವರ್. ತಣ್ಣೀರು ಮಹಡಿಗಳಿಗೆ ಹೋಗಿಬರುವ ಚಿಲ್ಡ್ ವಾಟರ್ ಲೈನ್ ಒಂದು, ಚಿಲ್ಲರಿನಿಂದ ಟವರಿಗೆ ಹೋಗಿಬರುವ ಲೈನ್ ಇನ್ನೊಂದು. ಎರಡು ಕಡೆಯೂ ಪೈಪ್ ಎಳೆದದ್ದು ನಮ್ಮದೇ ಹುಡುಗರು. ನೀರು ತುಂಬಿದ ರೀತಿ ಮಾತ್ರ ಬೇರೆ ಬೇರೆ.

ಮೊದಲನೆಯದು ಬಟ್ಟೆ ಅಂಗಡಿ. ಓಪನಿಂಗಿಗೆ ಮೂರೇ ದಿನ ಇತ್ತು. ಟೆರೇಸಿನಲ್ಲಿ ಚಿಲ್ಡ್ ವಾಟರ್ ಲೈನಿಗೆ ಸೇರಿದ, ನೀರು ಹಿಗ್ಗಿದರೆ ಜಾಗ ಕೊಡುವ ಎಕ್ಸ್‌ಪಾನ್ಷನ್ ಟ್ಯಾಂಕಿಗೆ ಪಕ್ಕದ ಓವರ್‌ಹೆಡ್ ಟ್ಯಾಂಕಿನಿಂದ ಪೈಪ್ ಇಟ್ಟು ನೀರು ಬಿಟ್ಟೆವು. 6 ಇಂಚಿನ ಪೈಪ್ ಮೀಟರಿಗೆ ಸುಮಾರು 18 ಲೀಟರ್ ಹಿಡಿಯುತ್ತದೆ. ಆದರೂ ಎರಡು ಗಂಟೆಯಲ್ಲಿ ಟ್ಯಾಂಕ್ ತುಂಬಿ ಹರಿಯಿತು. ಕೆಲಸ ಮುಗೀತು ಅಂತ ಖುಷಿಪಟ್ಟೆವು.

ಪಂಪ್ ಆನ್ ಮಾಡಿದಾಗ ಗೊತ್ತಾಯಿತು. ಒತ್ತಡ ತೋರಿಸುವ ಗೇಜಿನ ಮುಳ್ಳು ಒಂದು ಕಡೆ ನಿಲ್ಲಲೇ ಇಲ್ಲ. 2 ಕೆಜಿಯಿಂದ 4ಕ್ಕೆ ಹಾರುತ್ತದೆ, ಮತ್ತೆ ಬೀಳುತ್ತದೆ. ಪಂಪಿನೊಳಗೆ ಜಲ್ಲಿಕಲ್ಲು ಉರುಳಿದ ಹಾಗೆ ಸದ್ದು. ನೀರಿನ ಹರಿವು ಕಡಿಮೆಯಾದರೆ ಚಿಲ್ಲರ್ ಆಫ್ ಮಾಡುವ ಫ್ಲೋ ಸ್ವಿಚ್ ಪದೇ ಪದೇ ಚಿಲ್ಲರನ್ನು ನಿಲ್ಲಿಸುತ್ತಿತ್ತು. ಮೇಲಿನ ಎರಡು ಮಹಡಿಯ ಎಎಚ್‌ಯು (ತಣ್ಣೀರಿನ ಕಾಯಿಲ್ ಮೇಲೆ ಗಾಳಿ ಊದುವ ಯಂತ್ರ) ತಣ್ಣಗಾಗಲೇ ಇಲ್ಲ. ನೀರು ಇಳಿಯುವ ಪೈಪಿನಲ್ಲೇ ಗಾಳಿಯೂ ಮೇಲೆ ಬರಬೇಕಲ್ವಾ? ಅದು ಸೀಲಿಂಗ್ ಮೇಲಿನ ಅಡ್ಡ ಪೈಪುಗಳಲ್ಲಿ, ಕಾಯಿಲ್‌ಗಳಲ್ಲಿ ಸಿಕ್ಕಿಕೊಂಡಿತ್ತು. ಎರಡು ರಾತ್ರಿ ಏಣಿ ಹತ್ತಿ ಗಾಳಿ ಬಿಡುವ ವೆಂಟ್‌ಗಳನ್ನು ಬಿಚ್ಚಿದೆವು. ಹೊಸ ಫಾಲ್ಸ್ ಸೀಲಿಂಗ್ ಒಂದು ಕಡೆ ಒದ್ದೆಯಾಗಿ ಉಬ್ಬಿತು. ಆ ಬೇಜಾರು ಇನ್ನೂ ಇದೆ.

ಎರಡನೆಯದು ಆಫೀಸ್ ಕಟ್ಟಡ. ಇಲ್ಲಿ ಪ್ಲಾಂಟ್ ರೂಮಿನ ಎಲ್ಲಕ್ಕಿಂತ ಕೆಳಗಿನ ಡ್ರೈನ್ ವಾಲ್ವಿಗೆ ಒಂದು ಸಣ್ಣ ಮೋನೋಬ್ಲಾಕ್ ಪಂಪ್ ಜೋಡಿಸಿದೆವು. ಹತ್ತು ಮೀಟರ್ ಎತ್ತರಕ್ಕೆ ಒಂದು ಕೆಜಿ ಒತ್ತಡ ಬೇಕು. ಕಟ್ಟಡ 18 ಮೀಟರ್ ಇತ್ತು, ನಲ್ಲಿ ನೀರಿಗೆ ಅಷ್ಟು ದಮ್ಮಿಲ್ಲ. ವೆಂಟ್‌ಗಳನ್ನೆಲ್ಲ ತೆರೆದು, ಮಹಡಿಗೊಬ್ಬ ಹುಡುಗನನ್ನು ಫೋನ್ ಕೊಟ್ಟು ನಿಲ್ಲಿಸಿದೆವು. ಮೊದಲು ಉಸ್ ಅಂತ ಗಾಳಿ ಬರುತ್ತದೆ. ಆಮೇಲೆ ನೊರೆ ಉಗುಳುತ್ತದೆ. ಕೊನೆಗೆ ಕಡ್ಡಿಯ ಹಾಗೆ ಒಂದೇ ಧಾರೆ. ಆಗ ಮುಚ್ಚಿ ಮೇಲಿನವನಿಗೆ ಹೇಳಬೇಕು. ಇಡೀ ದಿನ ಹಿಡಿಯಿತು.

ಚಿಲ್ಲರ್, ಎಎಚ್‌ಯು ಎರಡರೊಳಗೂ ಹೋಗದಂತೆ ಬೈಪಾಸ್ ಮಾಡಿ, ನೀರು ಹರಿಸಿ ಪೈಪ್ ತೊಳೆದದ್ದೂ (ಫ್ಲಶ್) ಇಲ್ಲೇ. ಮೊದಲ ಸಲ ಕಸ ಹಿಡಿಯುವ ಜಾಲರಿ, ಅಂದರೆ ಸ್ಟ್ರೈನರ್ ಬಿಚ್ಚಿದಾಗ ಒಂದು ಹಿಡಿ ವೆಲ್ಡಿಂಗ್ ಕಿಟ್ಟ, ಒಂದು ತುಂಡು ಬಟ್ಟೆ ಸಿಕ್ಕಿತು. ಮೂರನೇ ಸಲ ಜಾಲರಿ ಶುದ್ಧವಾಗಿತ್ತು. ಆಮೇಲೇ ಹೊಸ ನೀರು ತುಂಬಿ, ತುಕ್ಕು ತಡೆಯುವ ಕೆಮಿಕಲ್ ಹಾಕಿ, ಚಿಲ್ಲರ್ ವಾಲ್ವ್ ತೆರೆದೆವು. ಗೇಜಿನ ಮುಳ್ಳು ಅಲ್ಲಾಡಲಿಲ್ಲ.

ಹಾಗಾಗಿ ಚಿಲ್ಡ್ ವಾಟರ್ ಲೈನಿಗೆ ನಾನು ಇನ್ನು ಮೇಲಿಂದ ನೀರು ಬಿಡುವುದಿಲ್ಲ, ಯಾರು ಎಷ್ಟೇ ಅವಸರ ಮಾಡಲಿ. ಟವರ್ ಕಡೆಯ ಲೈನಿಗೆ ಮೇಲಿಂದ ತುಂಬಿದರೂ ನಡೆಯುತ್ತದೆ. ಅದು ಟವರಿನಲ್ಲಿ ಗಾಳಿಗೆ ತೆರೆದ ಲೈನ್. ಕಂಡೆನ್ಸರ್ (ಚಿಲ್ಲರಿನ ಬಿಸಿ ಟವರ್ ನೀರಿಗೆ ಸೇರುವ ಭಾಗ) ಮೇಲಿನ ವೆಂಟ್ ತೆರೆದಿಟ್ಟರೆ ಸಾಕು.

ಆದರೆ ಟವರಿಗೆ ಯಾವ ನೀರು ಅನ್ನೋದು ಮುಖ್ಯ. ಅಂಗಡಿಯಲ್ಲಿ ಬೋರ್‌ವೆಲ್ ನೀರನ್ನೇ ಬಿಟ್ಟಿದ್ದೆವು. ಟವರಿನಲ್ಲಿ ನೀರು ಆವಿಯಾಗುತ್ತದೆ, ಅದರ ಉಪ್ಪೆಲ್ಲ ಅಲ್ಲೇ ಉಳಿಯುತ್ತದೆ. ಆರು ತಿಂಗಳಿಗೆ ಕಂಡೆನ್ಸರ್ ಬಿಚ್ಚಿದರೆ ಟ್ಯೂಬಿನೊಳಗೆ ಬಿಳಿ ಸುಣ್ಣದ ಪದರ, ಉಗುರಿನಿಂದ ಕೆರೆದರೂ ಬರಲಿಲ್ಲ. ಕಂಡೆನ್ಸರಿನ ಗ್ಯಾಸ್ ಒತ್ತಡ (ಹೆಡ್ ಪ್ರೆಶರ್) ಏರಿ ಕರೆಂಟ್ ಜಾಸ್ತಿ ಎಳೆಯುತ್ತಿತ್ತು. ಆಫೀಸಿನಲ್ಲಿ ಸಾಫ್ಟ್‌ನರ್ ಇತ್ತು. ಅಲ್ಲಿ ತೆಳು ಕೆಸರು ಮಾತ್ರ, ಬ್ರಷ್ ಹೊಡೆದರೆ ಹೋಯಿತು. ಸಾಫ್ಟ್‌ನರ್ ಗಡಸುತನ ತೆಗೆಯುತ್ತದೆಯೇ ಹೊರತು ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಉಪ್ಪು) ಇಳಿಸುವುದಿಲ್ಲ. ಉಪ್ಪೇರಿದ ಟವರ್ ನೀರನ್ನು ಸ್ವಲ್ಪ ಸ್ವಲ್ಪ ಹೊರಬಿಡುತ್ತಲೇ (ಬ್ಲೋಡೌನ್) ಇರಬೇಕು.

ಅಂಗಡಿಯ ಟ್ಯೂಬ್‌ಗಳನ್ನು ಕೆಮಿಕಲ್ ಹಾಕಿ ತೊಳೆಸಿದೆವು. ಸಾಫ್ಟ್‌ನರ್ ಕೂಡ ಕೂರಿಸಿಯಾಯಿತು. ಅದಕ್ಕೆ ಹಾಕುವ ಉಪ್ಪಿನ ಮೂಟೆ ಖಾಲಿಯಾಗದಂತೆ ನೋಡಿಕೊಳ್ಳಲು ಅಲ್ಲಿನ ಆಪರೇಟರಿಗೆ ಹೇಳಿದ್ದೇನೆ.