ಕಲಿಯುತ್ತಿರುವ ಕೌನ್ಸೆಲರ್ ಸಾಕೇ, ಅನುಭವಿಗಳೇ ಬೇಕೇ?

ಶಿರಸಿಯ ತಂಗಿಯೊಬ್ಬಳ ಪ್ರಶ್ನೆ: ಊರಲ್ಲೇ ಸಿಗುವ, ಇನ್ನೂ ತರಬೇತಿಯಲ್ಲಿರುವ ಆಪ್ತಸಮಾಲೋಚಕಿಯ ಬಳಿ ಹೋಗಲೋ, ದೇವಿಮನೆ ಘಟ್ಟ ಇಳಿದು ಕಾರವಾರದ ಅನುಭವಿ ಕ್ಲಿನಿಕಲ್ ಸೈಕಾಲಜಿಸ್ಟ್ (ಮಾನಸಿಕ ಕಾಯಿಲೆಗಳಿಗೆ ಮಾತಿನ ಚಿಕಿತ್ಸೆ ಕೊಡುವ ತಜ್ಞರು) ಬಳಿಗೋ?

ತರಬೇತಿಯವರ ಫೀಸು ಸಾಮಾನ್ಯವಾಗಿ ಕಡಿಮೆ. ಕಾರವಾರವೆಂದರೆ ಬಸ್ಸಿನ ಖರ್ಚು, ಒಂದು ದಿನದ ಕೆಲಸವೂ ಹೋಯಿತು. ಅಡಿಕೆ ಕೊಯ್ಲಿನ ಹೊತ್ತಿಗೆ ವಾರವಾರ ಹೋಗಲಾದೀತೇ?

ವಿಧಾನವೇ ನನಗೆ ಮುಖ್ಯ. ಕಲಿಯುವವರು ಹೆಚ್ಚಾಗಿ ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ತೋರಿದ, ತೀರ್ಪು ಕೊಡದೆ ಆಲಿಸುವ ದಾರಿಯಿಂದ ಶುರುಮಾಡುತ್ತಾರೆ. ನಾನು ಹೋದಾಗ ಎದುರಿಗಿದ್ದಾಕೆ ಮೊದಲು ಶಾಲಾ ಟೀಚರ್ ಆಗಿದ್ದವಳು. ನನ್ನ ಮಾತು ನಿಂತ ಮೇಲೂ ಪೆನ್ನು ಕೆಳಗಿಟ್ಟು ಸುಮ್ಮನೆ ಕೂತಳು. ಆ ಮೌನದಲ್ಲೇ ನನಗೆ ಅಳು ಬಂತು. ಆದರೆ ಅಂಥವರಿಗೆ ಮೇಲ್ವಿಚಾರಕರು ಇರಲೇಬೇಕು. ನಿನ್ನ ವಿಷಯ ಅವರೊಂದಿಗೆ ಚರ್ಚೆಯಾಗುತ್ತದೆ. ಯಾರು ಆ ಮೇಲ್ವಿಚಾರಕರು, ತರಬೇತಿ ಯಾವಾಗ ಮುಗಿಯುತ್ತದೆ ಎಂದು ಮೊದಲ ದಿನವೇ ಕೇಳು. ನಡುವೆ ಕೈಬಿಟ್ಟುಹೋದರೆ ನೋವಾಗುತ್ತದೆ.

ಕೆಲಸದ ಒತ್ತಡ, ಮನೆಯ ಮನಸ್ತಾಪ, ಅಗಲಿಕೆಯ ದುಃಖವಾದರೆ ಶಿರಸಿಯಲ್ಲೇ ಶುರುಮಾಡು. ವರ್ಷಗಟ್ಟಲೆ ಕಾಡುವ ಭಯ, ಒಸಿಡಿ (ಬೇಡವೆಂದರೂ ಮರುಕಳಿಸುವ ಯೋಚನೆ, ಮಾಡಿದ್ದನ್ನೇ ಮಾಡುವ ಗೀಳು), ಹಳೆಯ ದೌರ್ಜನ್ಯದ ಗಾಯಕ್ಕೆ ಘಟ್ಟ ಇಳಿಯುವುದೇ ಸರಿ. ಔಷಧಿಗೆ ಮನೋವೈದ್ಯರೇ ಬೇಕು. ಸಾಯುವ ಯೋಚನೆ ಬಂದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡ ತಂಗಿ, ಆ ಕ್ಷಣವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆಮಾಡು. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.