ತೆನೆ ತಿಗಣೆಗೆ ಕೈಬಲೆ: ನಾಲ್ಕು ವರ್ಷ, ಏಳು ಬೆಳೆ ಬಳಸಿದ ಮೇಲೆ

2021ರ ಬೇಸಿಗೆ ಭತ್ತ ಮಿಲ್ಲಿಗೆ ಒಯ್ದಾಗ ಅಲ್ಲಿನವರು ಒಂದು ಹಿಡಿ ಕಾಳು ಸುಲಿದು ಅಂಗೈ ಮೇಲೆ ಹರಡಿ ತೋರಿಸಿದರು. ಅಕ್ಕಿ ತುಂಬಾ ಕಂದು ಚುಕ್ಕೆ. "ಪಾಲಿಶ್ ಮಾಡಿದ್ರೆ ನುಚ್ಚೇ ಜಾಸ್ತಿ ಆಗುತ್ತೆ ಯಜಮಾನ್ರೇ" ಅಂದರು. ರೇಟು ಇಳಿಸಿದರು. ಆ ಬೆಳೆಗೆ ನಾನು ಎರಡು ಸಲ ಔಷಧಿ ಹೊಡೆದಿದ್ದೆ. ಆದರೂ ಹೀಗಾಯ್ತಲ್ಲ ಅಂತ ಬಹಳ ಬೇಜಾರಾಯಿತು.

ಇದು ತೆನೆ ತಿಗಣೆಯ ಕೆಲಸ. ಗಂಧಿ ತಿಗಣೆ ಅಂತಲೂ ಕರೆಯುತ್ತಾರೆ, ಮುಟ್ಟಿದರೆ ಕೆಟ್ಟ ನಾತ. ಉದ್ದ ಕಾಲಿನ ತೆಳ್ಳನೆ ಹುಳ. ಕಾಳಲ್ಲಿ ಹಾಲು ತುಂಬುವಾಗ ಸೂಜಿಯಂಥ ಬಾಯಿ ಚುಚ್ಚಿ ಹೀರುತ್ತದೆ. ಹಾಲು ಪೂರ್ತಿ ಹೋದರೆ ಜೊಳ್ಳು. ಸ್ವಲ್ಪ ಉಳಿದರೆ ಚುಚ್ಚಿದ ಜಾಗಕ್ಕೆ ಬೂಷ್ಟು ಸೇರಿ ಕಲೆಯಾಗುತ್ತದೆ, ಮಿಲ್ಲಿನಲ್ಲಿ ಕಾಳು ಒಡೆಯುತ್ತದೆ. ನಾನು ಒಂದು ಸಲ ತೆನೆ ಬರುವ ಮೊದಲೇ ಹೊಡೆದಿದ್ದೆ, ಇನ್ನೊಂದು ಸಲ ಕಾಳು ಗಟ್ಟಿಯಾದ ಮೇಲೆ. ಎರಡೂ ದಂಡ.

ತಿಗಣೆ ಬಂದಿದೆಯಾ, ಯಾವಾಗ ಹೊಡೆಯಬೇಕು ಅಂತ ನೋಡಿಕೊಳ್ಳಲು ಆ ಮಳೆಗಾಲದಲ್ಲೇ ಈ ಬಲೆ ತಗೊಂಡೆ. 15 ಅಂಗುಲದ ಕಬ್ಬಿಣದ ಬಳೆ, ಅದಕ್ಕೆ ಬಟ್ಟೆಯ ಚೀಲ, ಮೂರಡಿ ಹಿಡಿ. ಆಗ ಬೆಲೆ 450 ರೂಪಾಯಿ ಇತ್ತು. ನಮ್ಮದು ಮಲೇಬೆನ್ನೂರು ಕಡೆ ಮೂರೂವರೆ ಎಕರೆ, ಭದ್ರಾ ನಾಲೆ ನೀರು.

ತಿಗಣೆ ಬಿಸಿಲಲ್ಲಿ ಅಡಗುತ್ತದೆ, ಬೆಳಗ್ಗೆ ಮತ್ತು ಸಂಜೆ ತೆನೆ ಮೇಲೆ ಬರುತ್ತದೆ. ಬೆಳಗ್ಗೆ ಬೀಸಿದರೆ ಇಬ್ಬನಿಗೆ ಬಟ್ಟೆ ಒದ್ದೆಯಾಗಿ ಹುಳ ಅಂಟಿಕೊಳ್ಳುತ್ತದೆ, ಎಣಿಸಲು ಆಗಲ್ಲ. ಅದಕ್ಕೇ ನಾನು ಸಂಜೆ ಐದರ ಮೇಲೆ ಹೋಗುತ್ತೇನೆ. ಬಲೆಯನ್ನು ತೆನೆ ಮಟ್ಟಕ್ಕೆ ಹಿಡಿದು ಹೆಜ್ಜೆಗೊಂದರಂತೆ ಹತ್ತು ಬೀಸು. ಹೂವಾಡುವಾಗ ಮೆಲ್ಲಗೆ ಬೀಸಬೇಕು. ಬದುವಿನ ಪಕ್ಕ ಮಾತ್ರ ಬೀಸಿದರೆ ಲೆಕ್ಕ ತಪ್ಪುತ್ತದೆ. ಅಲ್ಲಿ ಹುಲ್ಲು ಇರುತ್ತದಲ್ವಾ, ತಿಗಣೆಯೂ ಜಾಸ್ತಿ ಇರುತ್ತದೆ. ಗದ್ದೆ ಒಳಗೂ ಇಳಿಯಬೇಕು.

ಬಲೆಗೆ ತಿಗಣೆ ಬಿತ್ತು ಅಂತ ತಕ್ಷಣ ಔಷಧಿ ತರಲು ಓಡಬೇಡಿ. ಅಲ್ಲೇ ನಿಂತು ತೆನೆಗಳನ್ನು ಕಣ್ಣಲ್ಲೇ ನೋಡಿ ಎಣಿಸಿ. ಹೂವಾಡುವಾಗ 100 ತೆನೆಗೆ 5 ತಿಗಣೆ, ಹಾಲು ತುಂಬಿದ ಮೇಲೆ 100ಕ್ಕೆ 16 ಇದ್ದರೆ ಮಾತ್ರ ಔಷಧಿ. ಅದಕ್ಕಿಂತ ಕಡಿಮೆ ಇದ್ದರೆ ನಾನು ಸುಮ್ನೆ ಮನೆಗೆ ಬರುತ್ತೇನೆ. ಮೊದಲ ಸಲ ಬಲೆ ಬಿಚ್ಚಿ ನೋಡಿದಾಗ ತಿಗಣೆಗಿಂತ ಜೇಡಗಳೇ ಜಾಸ್ತಿ ಇದ್ದವು, ಜೊತೆಗೆ ಏರೋಪ್ಲೇನ್ ಚಿಟ್ಟೆ. ಹುಳ ತಿಂದು ಇಷ್ಟು ವರ್ಷ ನಮ್ಮ ಕೆಲಸ ಮಾಡುತ್ತಿದ್ದ ಇವನ್ನೇ ಔಷಧಿ ಹೊಡೆದು ಕೊಂದೆನಲ್ಲ ಅಂತ ಮನಸ್ಸಿಗೆ ಚುಚ್ಚಿತು. ಈಗ ಎಣಿಸಿ ವಾಪಸ್ ಗದ್ದೆಗೇ ಬಿಡುತ್ತೇನೆ.

ಏಳು ಬೆಳೆಯಲ್ಲಿ ತಿಗಣೆಗೆ ಅಂತ ಹೊಡೆದದ್ದು ಎರಡೇ ಸಲ. ಆ ಎರಡೂ ವರ್ಷ ನಮ್ಮ ಗದ್ದೆಗೆ ನೀರು ತಡವಾಗಿ ಬಂದು ನಮ್ಮ ನಾಟಿ ಹದಿನೈದು ದಿನ ಹಿಂದೆ ಬಿದ್ದಿತ್ತು. ಸುತ್ತಲಿನ ಗದ್ದೆಗಳ ಕಾಳು ಗಟ್ಟಿಯಾದಾಗ ನಮ್ಮದು ಒಂದೇ ಹಾಲಲ್ಲಿತ್ತು. ಊರಿನ ತಿಗಣೆಯೆಲ್ಲ ನಮ್ಮಲ್ಲಿಗೇ ಬಂತು. ಅಕ್ಕಪಕ್ಕದವರು ಒಟ್ಟಿಗೆ ನಾಟಿ ಮಾಡುವುದು ಎಷ್ಟು ಮುಖ್ಯ ಅಂತ ಬಲೆ ಹಿಡಿದ ಮೇಲೇ ನನಗೆ ಗೊತ್ತಾದದ್ದು.

ಅಪ್ಪ ಇದಕ್ಕೆ ಕಾರ್ಬರಿಲ್ ಪುಡಿ ಎರಚುತ್ತಿದ್ದರು. 2018ರಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿತು. ಯಾರಾದರೂ ಹಳೇ ಪೊಟ್ಟಣ ಕೊಟ್ಟರೆ ದಯವಿಟ್ಟು ತಗೋಬೇಡಿ. ಯಾವ ಔಷಧಿ ಅಂತ ರೈತ ಸಂಪರ್ಕ ಕೇಂದ್ರದಲ್ಲೋ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲೋ ಕೇಳಿ. ಹೊಡೆಯುವುದು ಸಂಜೆಯೇ ಇರಲಿ, ಬೆಳಗ್ಗೆ ಹೂವು ಬಿರಿಯುವ ಹೊತ್ತಲ್ಲಿ ಬೇಡ.

ಬಲೆಯ ಕೊರತೆಯನ್ನೂ ಹೇಳಬೇಕು. ಭತ್ತದ ಗರಿ ಗರಗಸದಂತೆ, ಎರಡನೇ ಬೆಳೆಗೇ ಬಟ್ಟೆ ಹರಿಯಿತು. ನನ್ನ ಹೆಂಡತಿ ಬಳೆ ಸುತ್ತ ದಪ್ಪ ಕ್ಯಾನ್ವಾಸ್ ಪಟ್ಟಿ ಹೊಲಿದಳು, ಆಮೇಲೆ ತೊಂದರೆ ಇಲ್ಲ. ಭತ್ತಕ್ಕೆ ಬೀಳುವ ಇನ್ನೊಂದು ಹುಳ, ಕಂದು ಜಿಗಿಹುಳಕ್ಕೆ ಇದನ್ನು ನಂಬಬೇಡಿ. ಅದು ಬುಡದಲ್ಲಿ ಕೂರುತ್ತದೆ, ಬಲೆಗೆ ಸಿಗಲ್ಲ, ಪೈರು ಬಿಡಿಸಿಯೇ ನೋಡಬೇಕು. ಹೊಸದಾಗಿ ಕೊಳ್ಳುವವರು ನಾಲ್ಕಡಿ ಹಿಡಿ ಇರುವುದನ್ನು ಕೇಳಿ ತಗೊಳ್ಳಿ. ಮೂರಡಿಯದಕ್ಕೆ ಬಗ್ಗಿ ಬಗ್ಗಿ ನನ್ನ ಸೊಂಟ ಹಿಡಿಯುತ್ತದೆ.